ಎರಡನೇ ಸಲ ಫಾಸ್ಟ್ ಆಗಿದ್ದು ನಮ್ಮ ಕೋಡ್‌ನಿಂದ ಅಲ್ಲ

ಹೋದ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್ ಡೆಮೋದಲ್ಲಿ ನಾನೂ ನನ್ನ ಪಾರ್ಟ್ನರೂ ಒಂದು ಸುಳ್ಳು ಹೇಳಿದ್ವಿ. ಬೇಕು ಅಂತ ಅಲ್ಲ, ಗೊತ್ತಿಲ್ಲದೆ. ಆದ್ರೂ ಸುಳ್ಳು ಸುಳ್ಳೇ.

1 ಜಿಬಿ ಲಾಗ್ ಫೈಲ್ ಓದಿ ಎರರ್ ಲೈನ್‌ಗಳನ್ನು ಎಣಿಸೋ ಪ್ರೋಗ್ರಾಂ ನಮ್ಮದು. ಹಳೇ ವರ್ಷನ್ ಓಡಿಸಿದ್ವಿ, 11 ಸೆಕೆಂಡ್. ಹೊಸ ವರ್ಷನ್, 3 ಸೆಕೆಂಡ್. "ಮೂರೂವರೆ ಪಟ್ಟು ಫಾಸ್ಟ್ ಮೇಡಂ" ಅಂದ್ವಿ. ಮಾರ್ಕ್ಸ್ ಬಂತು. ರಾತ್ರಿ ಹಾಸ್ಟೆಲ್‌ನಲ್ಲಿ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ, ಸುಮ್ನೆ ಹೊಸದನ್ನೇ ಮೊದಲು ಓಡಿಸಿದೆ. 11 ಸೆಕೆಂಡ್! ಆಮೇಲೆ ಹಳೇದನ್ನು ಓಡಿಸಿದ್ರೆ 3 ಚಿಲ್ಲರೆ. ಯಾವುದು ಎರಡನೇದಾಗಿ ಓಡುತ್ತೋ ಅದೇ ಫಾಸ್ಟ್!

ಕಾರಣ ಲಿನಕ್ಸ್ ಕರ್ನಲ್‌ನ ಪೇಜ್ ಕ್ಯಾಶ್. ಕರ್ನಲ್ ಮೆಮೊರಿಯನ್ನು ಪೇಜ್‌ಗಳಾಗಿ ಹಂಚುತ್ತೆ. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಒಂದು ಪೇಜ್ ಅಂದ್ರೆ ಸಾಮಾನ್ಯವಾಗಿ 4 ಕೆಬಿ. ಫೈಲ್ ಮೊದಲ ಸಲ ಓದುವಾಗ ಕರ್ನಲ್ ಖಾಲಿ ಪೇಜ್‌ಗಳನ್ನು ತಗೊಂಡು, ಡಿಸ್ಕ್‌ನಿಂದ ಡೇಟಾ ತುಂಬುತ್ತೆ. ಓದಿ ಮುಗಿದ ಮೇಲೂ ಆ ಪೇಜ್‌ಗಳನ್ನು ಬಿಸಾಕಲ್ಲ. ಮುಂದಿನ ಸಲ ಅದೇ ಫೈಲ್ ಕೇಳಿದ್ರೆ ಡಿಸ್ಕ್ ಮುಟ್ಟದೆ ರಾಮ್‌ನಿಂದಲೇ ಕೊಡುತ್ತೆ. ಮೆಸ್‌ನಲ್ಲಿ ಸಾಂಬಾರ್ ಬಕೆಟ್ ಕೌಂಟರ್ ಮೇಲೇ ಇರುತ್ತಲ್ಲ, ಹಾಗೆ. ಪ್ರತಿ ತಟ್ಟೆಗೂ ಯಾರೂ ಅಡುಗೆಮನೆಗೆ ಓಡಲ್ಲ.

ಇದು ಗೊತ್ತಿಲ್ಲದೆ ನಾವು ಇನ್ನೊಂದು ತಪ್ಪೂ ಮಾಡ್ತೀವಿ. ಫ್ರೀ ಕಮಾಂಡ್ ಹೊಡೆದು, ಖಾಲಿ ಮೆಮೊರಿ ಕಮ್ಮಿ ಇದೆ ಅಂತ ಗಾಬರಿಯಾಗಿ ಕ್ಯಾಶ್ ಅಳಿಸ್ತೀವಿ. ನೋಡಬೇಕಾಗಿದ್ದು 'ಫ್ರೀ' ಕಾಲಂ ಅಲ್ಲ, 'ಅವೈಲಬಲ್' ಕಾಲಂ. ಬೇರೆ ಪ್ರೋಗ್ರಾಂಗೆ ಜಾಗ ಬೇಕಾದ್ರೆ ಕರ್ನಲ್ ತಾನೇ ಕ್ಯಾಶ್ ಪೇಜ್‌ಗಳನ್ನು ಬಿಟ್ಟುಕೊಡುತ್ತೆ. ಬದಲಾಗದ ಪೇಜ್‌ನ ಕಾಪಿ ಡಿಸ್ಕ್‌ನಲ್ಲಿ ಇದ್ದೇ ಇರುತ್ತೆ, ಹಾಗಾಗಿ ನೇರವಾಗಿ ಬಿಡಬಹುದು. ಬದಲಾಗಿದ್ರೆ ಮಾತ್ರ ಮೊದಲು ಡಿಸ್ಕ್‌ಗೆ ಬರೆಯಬೇಕು. ಸುಮ್ನೆ ಖಾಲಿ ಬಿದ್ದಿರೋ ರಾಮ್‌ನಿಂದ ಯಾರಿಗೂ ಉಪಯೋಗ ಇಲ್ಲ.

ತಮಾಷೆ ಅಂದ್ರೆ ಓಎಸ್ ಪೇಪರ್‌ನಲ್ಲಿ ಪೇಜ್ ರಿಪ್ಲೇಸ್‌ಮೆಂಟ್ ನಮಗೆಲ್ಲ ಬಾಯಿಪಾಠ. ಫೀಫೋದಲ್ಲಿ 3 ಫ್ರೇಮ್‌ಗೆ 9 ಫಾಲ್ಟ್, 4 ಫ್ರೇಮ್‌ಗೆ 10 ಫಾಲ್ಟ್, ಇದೇ ಬೆಲಾಡಿ ಅನಾಮಲಿ ಅಂತ ನಿದ್ದೆಯಲ್ಲೂ ಟೇಬಲ್ ಹಾಕ್ತೀವಿ. ಆದ್ರೆ ಕಣ್ಣೆದುರಿಗಿನ ಮೆಷಿನ್‌ನಲ್ಲಿ ಅದೇ ವಿಷಯ ನಡೆದಾಗ ಗುರುತು ಸಿಗಲ್ಲ. ನನಗಂತೂ ಸಿಗಲಿಲ್ಲ.

ಅದಕ್ಕೆ ನನ್ನ ವಾದ ಇಷ್ಟು. ನಮ್ಮಲ್ಲಿ ಯಾವ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ "ಇಷ್ಟು ಪಟ್ಟು ಫಾಸ್ಟ್" ಅಂತ ಬರೆದ್ರೂ, ಕ್ಯಾಶ್ ಖಾಲಿ ಇದ್ದಾಗ ಎಷ್ಟು, ತುಂಬಿದ್ದಾಗ ಎಷ್ಟು, ಎರಡೂ ಇರಲೇಬೇಕು. ಒಂದೊಂದನ್ನೂ ಕನಿಷ್ಠ ಐದು ಸಲ ಓಡಿಸಿರಬೇಕು. ಕ್ಯಾಶ್ ಖಾಲಿ ಮಾಡೋಕೆ ರೀಸ್ಟಾರ್ಟ್ ಬೇಡ. ರೂಟ್ ಆಗಿ, ಮೊದಲು ಸಿಂಕ್ ಕೊಟ್ಟು, ಡ್ರಾಪ್ ಕ್ಯಾಶಸ್ ಫೈಲ್‌ಗೆ 3 ಬರೆದ್ರೆ ಸಾಕು. ಅದು ಇರೋದೇ ಇಂಥ ಟೆಸ್ಟ್‌ಗೆ, ದಿನಾ ರಾಮ್ ತೊಳೆಯೋಕೆ ಅಲ್ಲ.

"ನಿಜವಾದ ಸರ್ವರ್‌ನಲ್ಲಿ ಕ್ಯಾಶ್ ಯಾವಾಗ್ಲೂ ತುಂಬಿರುತ್ತೆ, ಖಾಲಿ ನಂಬರ್ ಯಾಕೆ?" ಅಂತ ಸೀನಿಯರ್ ಒಬ್ರು ಕೇಳಿದ್ರು. ಸರಿಯಾದ ಪ್ರಶ್ನೆಯೇ. ಹಾಗಿದ್ರೆ ಎರಡೂ ವರ್ಷನ್‌ಗಳನ್ನು ತುಂಬಿದ ಕ್ಯಾಶ್‌ನಲ್ಲೇ ಹೋಲಿಸಿ, ಹಾಗಂತ ಬರೆಯಿರಿ. ಒಂದು ಖಾಲಿ, ಇನ್ನೊಂದು ತುಂಬಿದ್ದು ಅಂದ್ರೆ ಅದು ಹೋಲಿಕೆಯೇ ಅಲ್ಲ.

ಪಾರ್ಟ್ನರ್ "ಮಾರ್ಕ್ಸ್ ಬಂದಾಯ್ತು, ಬಿಡೋ" ಅಂದ. ಎರಡು ದಿನ ಬಿಟ್ಟೆ ಕೂಡ. ಮೂರನೇ ದಿನ ಇಬ್ರೂ ಹೋಗಿ ಮೇಡಂಗೆ ಹೇಳಿದ್ವಿ. ಟೇಬಲ್ ಮತ್ತೆ ಮಾಡಿ ತನ್ನಿ ಅಂದ್ರು. ಕ್ಯಾಶ್ ಖಾಲಿ ಇದ್ದಾಗ ಎರಡೂ 11. ತುಂಬಿದ್ದಾಗ ಹಳೇದು 3.2, ಹೊಸದು 2.9. ನಾವು ನಿಜವಾಗಿ ಮಾಡಿದ ಕೆಲಸ ಅಷ್ಟೇ, 0.3 ಸೆಕೆಂಡ್. ಚಿಕ್ಕದು, ಆದ್ರೆ ನಮ್ಮದು.