ಪ್ರಯೋಗಶಾಲೆಯ ಸೀಸೆಗಳೂ ವಿದ್ಯಾರ್ಥಿಗಳ ಸುರಕ್ಷತೆಯೂ

2013ರ ಜುಲೈ 18ರಂದು ಸರ್ವೋಚ್ಚ ನ್ಯಾಯಾಲಯವು ಆಮ್ಲದ ಮಾರಾಟವನ್ನು ಕುರಿತು ನೀಡಿದ ಆದೇಶದಲ್ಲಿ ವಿದ್ಯಾಸಂಸ್ಥೆಗಳಿಗೆ ಅನ್ವಯಿಸುವ ಮಾತುಗಳೂ ಇವೆ. ಆಮ್ಲವನ್ನು ಸಂಗ್ರಹಿಸಿಡುವ ಸಂಸ್ಥೆಯು ಅದರ ಬಳಕೆಯ ಲೆಕ್ಕ ಬರೆದಿಡಬೇಕು. ಸಂರಕ್ಷಣೆಗೆ ಒಬ್ಬರನ್ನು ಹೊಣೆ ಮಾಡಬೇಕು. ಪ್ರಯೋಗಶಾಲೆಯಿಂದ ಹೊರಬರುವ ವಿದ್ಯಾರ್ಥಿಗಳನ್ನು ಕಡ್ಡಾಯವಾಗಿ ತಪಾಸಣೆ ಮಾಡಬೇಕು. ಆಮ್ಲದಾಳಿಗೆ ತುತ್ತಾದ ಹೆಣ್ಣುಮಕ್ಕಳ ಸಂಕಟದಿಂದ ಹುಟ್ಟಿದ ಈ ಆದೇಶದ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ವಿದ್ಯಾರ್ಥಿಯ ಕಿಸೆಯಲ್ಲಿ ಏನಿದೆಯೆಂದು ನೋಡುವಷ್ಟೇ ಕಟ್ಟುನಿಟ್ಟಾಗಿ, ಆ ದ್ರವ್ಯದ ಬಗ್ಗೆ ಅವನ ತಿಳಿವಳಿಕೆ ಎಷ್ಟೆಂದು ವಿಚಾರಿಸುವವರು ಯಾರು?

ಮುಂಬಯಿಯ ಕನ್ನಡ ಮಾಧ್ಯಮದ ಮಕ್ಕಳ ಪಾಡು ಇನ್ನೂ ಒಂದು ಸುತ್ತು ಹೆಚ್ಚಿನದು. ಬಾಲಭಾರತಿಯ ಕನ್ನಡ ಪಠ್ಯಪುಸ್ತಕದಲ್ಲಿ ಅವರು ಆಮ್ಲಗಳ ಬಗ್ಗೆ ಕನ್ನಡದಲ್ಲಿ ಓದುತ್ತಾರೆ. ಕಪಾಟಿನ ಸೀಸೆಯಾದರೋ ಇಂಗ್ಲಿಷಿನಲ್ಲಿ, ಅದೂ ಸಣ್ಣಕ್ಷರಗಳಲ್ಲಿ ಮಾತನಾಡುತ್ತದೆ. ಸಾಂದ್ರವಾದ ಆಮ್ಲಕ್ಕೂ ನೀರು ಬೆರೆಸಿದ ಆಮ್ಲಕ್ಕೂ ಇರುವ ಅಂತರವು ಪರೀಕ್ಷೆಯಲ್ಲಿ ಒಂದು ಅಂಕದ್ದಾದರೆ ಪ್ರಯೋಗಶಾಲೆಯಲ್ಲಿ ಒಂದು ಕಣ್ಣಿನದು. ಕೆಂಪು ಅಂಚಿನ ಚೌಕದೊಳಗಿನ ತಲೆಬುರುಡೆ, ಜ್ವಾಲೆ, ಕೈಯನ್ನು ಕೊರೆಯುವ ಹನಿ ಎಂಬ ಅಂತರರಾಷ್ಟ್ರೀಯ ಸಂಕೇತಗಳಿಗೆ ಭಾಷೆಯ ಹಂಗಿಲ್ಲ. ಅವುಗಳನ್ನು ಗುರುತಿಸಲು ಒಂದು ಅವಧಿಯ ಪಾಠ ಸಾಕು. ಪ್ರತಿ ಸೀಸೆಯ ಮೇಲೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸುವುದಕ್ಕಂತೂ ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ.

ಆ ಚೀಟಿಯನ್ನು ಉಳಿಸಿಕೊಳ್ಳುವುದೂ ಈ ಊರಿನಲ್ಲಿ ಒಂದು ಕೆಲಸವೇ. ಸಮುದ್ರದ ತೇವ, ಮಳೆಗಾಲದ ಬೂಷ್ಟು, ಆಮ್ಲದ ಹಬೆ ಇವು ಸೇರಿ ಹೆಸರನ್ನು ಅಳಿಸಿಬಿಡುತ್ತವೆ. ಹೆಸರಿಲ್ಲದ ಸೀಸೆಯನ್ನು ಮೂಸಿ ಗುರುತಿಸುವ ಕೆಟ್ಟ ಚಾಳಿ ಹುಟ್ಟುವುದು ಹೀಗೆ. ಏಪ್ರಿಲ್, ಮೇ ತಿಂಗಳ ಧಗೆಯಲ್ಲಿ ಮುಚ್ಚಿದ ಕೋಣೆಯೊಳಗಿದ್ದ ಸಾಂದ್ರ ಅಮೋನಿಯಾದ ಸೀಸೆಯಲ್ಲಿ ಒತ್ತಡ ಕೂಡಿಕೊಂಡಿರುತ್ತದೆ. ಜೂನಿನಲ್ಲಿ ಶಾಲೆ ತೆರೆದೊಡನೆ ಅದರ ಬಿರಡೆಯನ್ನು ತಣಿಸದೆ ತೆಗೆದರೆ ದ್ರವವು ಮುಖಕ್ಕೇ ಚಿಮ್ಮಬಹುದು. ಅಕ್ಷರಮಾಲೆಯ ಕ್ರಮದಲ್ಲಿ ಸೀಸೆಗಳನ್ನು ಜೋಡಿಸುವುದು ನೋಡಲು ಚಂದ. ಆದರೆ ನೈಟ್ರಿಕ್ ಆಮ್ಲವೂ ಸ್ಪಿರಿಟ್ಟೂ ಒಂದೇ ಹಲಗೆಯ ಮೇಲೆ ನೆರೆಹೊರೆಯಾಗತಕ್ಕವಲ್ಲ. ಕೂಡಬಾರದ ವಸ್ತುಗಳು ಕೂಡಿದರೆ ಏನಾಗುತ್ತದೆಂಬುದನ್ನು ಮುಂಬಯಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಹಡಗಿನ ಒಡಲಲ್ಲಿ ಸಾವಿರಾರು ಹತ್ತಿಯ ಮೂಟೆಗಳೂ ಸುಮಾರು 1,400 ಟನ್ ಸ್ಫೋಟಕಗಳೂ ಒಟ್ಟಿಗೆ ಇದ್ದವು. ಹತ್ತಿಗೆ ಬೆಂಕಿ ತಗಲಿತು; ಎರಡು ಸ್ಫೋಟಗಳಲ್ಲಿ ಬಂದರು ಪ್ರದೇಶವೇ ಛಿದ್ರವಾಯಿತು. ಅಂದು ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗಾಗಿಯೇ ದೇಶದಾದ್ಯಂತ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವೆಂದು ಆಚರಿಸಲಾಗುತ್ತಿದೆ. ಶಾಲೆಯ ಕಪಾಟು ಹಡಗಲ್ಲ, ನಿಜ. ಅಲ್ಲಿ ಮರೆತ ನಿಯಮ ಮಾತ್ರ ಇಲ್ಲಿಯದೇ.

‘ಮುಟ್ಟಬೇಡ’ ಎಂಬ ಗದರಿಕೆಯನ್ನೇ ಸುರಕ್ಷತೆಯ ಪಾಠವೆಂದು ತಿಳಿಯುವ ಅಧ್ಯಾಪಕರಿದ್ದಾರೆ. ಅರುವತ್ತು ಮಕ್ಕಳಿಗೆ ಒಂದು ಮೇಜು, ಒಬ್ಬ ಪರಿಚಾರಕ ಎಂಬ ಸ್ಥಿತಿಯಲ್ಲಿ ಅವರ ಭಯವೂ ಸಕಾರಣವೇ. ಆದರೂ ಕಾರಣ ತಿಳಿಸದ ನಿಷೇಧವು ಕುತೂಹಲವನ್ನು ಕೆರಳಿಸುತ್ತದೆಯೇ ಹೊರತು ಕೈಯನ್ನು ತಡೆಯುವುದಿಲ್ಲ. ಆಮ್ಲವನ್ನು ನೀರಿಗೆ ನಿಧಾನವಾಗಿ ಬೆರೆಸಬೇಕೇ ಹೊರತು ನೀರನ್ನು ಆಮ್ಲಕ್ಕೆ ಸುರಿಯಕೂಡದೆಂದು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಸುರಿದರೆ ಹುಟ್ಟುವ ಶಾಖದಿಂದ ನೀರು ತತ್‌ಕ್ಷಣ ಕುದಿದು ಆಮ್ಲವನ್ನು ಹೊತ್ತು ಸಿಡಿಯುತ್ತದೆಂದು ಅರಿತವನು ಮಾತ್ರ ಅದನ್ನು ಮರೆಯನು. ಉರಿಯುವ ಸ್ಪಿರಿಟ್ ದೀಪದ ಜ್ವಾಲೆ ಹಗಲಿನ ಬೆಳಕಿನಲ್ಲಿ ಕಾಣದಿರಬಹುದು. ಆರಿತೆಂದು ಭಾವಿಸಿ ಸ್ಪಿರಿಟ್ ಸುರಿಯುವ ಕೈ ಸುಡುತ್ತದೆ. ಒಡೆದ ಉಷ್ಣಮಾಪಕದ ಪಾದರಸವನ್ನು ಅಂಗೈಯಲ್ಲಿ ಉರುಳಿಸಿ ಆಡುವ ಮಗುವಿಗೆ ಅದರ ಆವಿಯು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ.

ಪ್ರಥಮ ಚಿಕಿತ್ಸೆಯ ವಿಷಯದಲ್ಲಿಯೂ ಹಳೆಯ ತಪ್ಪುಗಳು ಬೇರು ಬಿಟ್ಟಿವೆ. ಆಮ್ಲ ಬಿದ್ದ ಚರ್ಮಕ್ಕೆ ಸೋಡಾಪುಡಿ ಹಚ್ಚುತ್ತ ಕೂರುವುದಲ್ಲ. ತೊಯ್ದ ಬಟ್ಟೆಯನ್ನು ಕಳಚಿ ಹರಿಯುವ ನಳದ ನೀರಿನಲ್ಲಿ 20 ನಿಮಿಷ ಬಿಡದೆ ತೊಳೆಯಬೇಕು. ಕಣ್ಣಿಗೆ ಸಿಡಿದಿದ್ದರೆ ರೆಪ್ಪೆಗಳನ್ನು ಬಿಡಿಸಿ ಹಿಡಿದು ತೊಳೆದು, ಆಮೇಲೆ ಆಸ್ಪತ್ರೆಗೆ ಒಯ್ಯಬೇಕು. ನುಂಗಿದವರಿಗೆ ವಾಂತಿ ಮಾಡಿಸಕೂಡದು. ಇಳಿಯುವಾಗ ಸುಟ್ಟ ಗಂಟಲನ್ನು ಏರುವಾಗ ಮತ್ತೊಮ್ಮೆ ಸುಡುತ್ತದೆ. ಆದುದರಿಂದ ಪ್ರಯೋಗಶಾಲೆಯಲ್ಲಿ ಮೊದಲು ನೋಡಬೇಕಾದುದು ನಳದಲ್ಲಿ ನೀರಿದೆಯೆ ಎಂಬುದನ್ನು. ಹೊತ್ತು ಗೊತ್ತಿನಲ್ಲಷ್ಟೇ ನೀರು ಬರುವ ಉಪನಗರದ ಶಾಲೆಯಲ್ಲಿ ತುಂಬಿದ ಟಾಕಿಯೇ ಮುಖ್ಯ ಉಪಕರಣ. ಕಣ್ಣಿಗೆ ಕಟ್ಟುವ ರಕ್ಷಾಕನ್ನಡಕ ಎರಡನೆಯದು. ವರ್ಷಂಪ್ರತಿ ವಿದ್ಯಾರ್ಥಿವೇತನ ಹಂಚುವ ಸಂಘಸಂಸ್ಥೆಗಳು ಹಾರತುರಾಯಿಗಳ ಖರ್ಚಿನಲ್ಲಿ ಒಂದಂಶವನ್ನು ಉಳಿಸಿದರೆ ಒಂದು ತರಗತಿಯ ಕಣ್ಣುಗಳಿಗೆ ರಕ್ಷಣೆ ದೊರೆಯುವುದು.

ಈ ಅರಿವಿನ ಪ್ರಯೋಜನ ಶಾಲೆಯ ಗೋಡೆಗೆ ನಿಲ್ಲುವುದಿಲ್ಲ. 2010ರ ಜುಲೈ 14ರಂದು ಶಿವಡಿಯ ಹಾಜಿ ಬಂದರಿನಲ್ಲಿ, ವರ್ಷಗಟ್ಟಲೆ ಹೇಳುವವರು ಕೇಳುವವರಿಲ್ಲದೆ ಬಿದ್ದಿದ್ದ ಸಿಲಿಂಡರುಗಳಿಂದ ಕ್ಲೋರಿನ್ ಸೋರಿ, ಸಮೀಪದ ಕಾಲೇಜಿನ ವಿದ್ಯಾರ್ಥಿಗಳೂ ಸೇರಿ ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. ಅದೇ ಅನಿಲವು ಚಾಳಿನ ಕಿರಿದಾದ ಬಚ್ಚಲಿನಲ್ಲಿಯೂ ಹುಟ್ಟಬಲ್ಲದು. ಬ್ಲೀಚಿಂಗ್ ಪುಡಿ ಚೆಲ್ಲಿದ ನೆಲಕ್ಕೆ ಶೌಚಾಲಯ ತೊಳೆಯುವ ಆಸಿಡ್ಡನ್ನು ಸುರಿದರೆ ಸಾಕು. ಹೋಟೆಲಿನಲ್ಲಿ ನೆಲ ತೊಳೆದು ರಾತ್ರಿಶಾಲೆಯಲ್ಲಿ ಓದಿದ ಹುಡುಗರ ಪರಂಪರೆ ಮುಂಬಯಿ ಕನ್ನಡಿಗರದು. ಅಂಥ ಹುಡುಗನು ಇವೆರಡನ್ನೂ ಬೆರೆಸದೆ ಬಾಗಿಲು ತೆರೆದಿಟ್ಟು ಕೆಲಸ ಮಾಡಿದರೆ, ಮನೆಗೆ ಬಂದ ಮಗಳು ಹಳೆಯ ಕುಡಿಯುವ ನೀರಿನ ಬಾಟಲಿಯಲ್ಲಿ ಅಮ್ಮ ತುಂಬಿಟ್ಟ ಆಸಿಡ್ಡನ್ನು ತಮ್ಮನ ಕೈಗೆಟುಕದ ಕಡೆ ಎತ್ತಿಟ್ಟು ಅದಕ್ಕೊಂದು ಹೆಸರಿನ ಚೀಟಿ ಅಂಟಿಸಿದರೆ, ಅದು ಯಾವ ತಪಾಸಣೆಯಿಂದಲೂ ಆಗದ ಕೆಲಸ.