ಎರಡು ಗಿಟಾರ್, ಒಂದೇ ಗಂಟೆ



ನಮ್ಮನೇಲಿ ಎರಡು ಗಿಟಾರ್ ಇವೆ. ಒಂದು ನೈಲಾನ್ ತಂತಿಯ ಕ್ಲಾಸಿಕಲ್, ಇನ್ನೊಂದು ಉಕ್ಕಿನ ತಂತಿಯ ಎಲೆಕ್ಟ್ರಿಕ್. ಎರಡನ್ನೂ ನುಡಿಸೋದು ಏಳನೇ ಕ್ಲಾಸಿನ ನನ್ನ ಮಗಳು. ಹೋಮ್‌ವರ್ಕ್, ಊಟ ಎಲ್ಲ ಕಳೆದು ಅಭ್ಯಾಸಕ್ಕೆ ಉಳಿಯೋದು ದಿನಕ್ಕೆ ಒಂದು ಗಂಟೆ.

ನಾನು ಸಾಫ್ಟ್‌ವೇರ್ ಇಂಜಿನಿಯರ್. ತಕ್ಷಣ ಸ್ಪ್ರೆಡ್‌ಶೀಟ್ ತೆರೆದೆ. ಕ್ಲಾಸಿಕಲ್ 45 ನಿಮಿಷ, ಎಲೆಕ್ಟ್ರಿಕ್ 15. ಮೊದಲನೆಯದರ ಮುಂದೆ ‘ಅಭ್ಯಾಸ’ ಅಂತ ಬರೆದೆ, ಎರಡನೆಯದರ ಮುಂದೆ ‘ಆಟ’. ಮೂರು ವಾರದಲ್ಲಿ ಅವಳು ಎರಡನ್ನೂ ಮುಟ್ಟೋದು ಬಿಟ್ಟಳು. ಯಾಕೆ ಅಂತ ಕೇಳಿದರೆ, “ಅಪ್ಪಾ, ನಂಗೆ ಇಷ್ಟ ಆಗಿರೋದನ್ನ ನೀನ್ಯಾಕೆ ಆಟ ಅಂತ ಬರ್ದೆ?” ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎಲೆಕ್ಟ್ರಿಕ್ ಅಂದರೆ ಬರೀ ಗಲಾಟೆ ಅನ್ನೋದು ನಮ್ಮಲ್ಲಿ ಹಲವರ ಭಾವನೆ. ಹತ್ತಿರ ಕೂತು ನೋಡಿ. ಕ್ಲಾಸಿಕಲ್‌ನಲ್ಲಿ ಬಲಗೈಯ ಬೆರಳು, ಉಗುರು ಪಳಗಬೇಕು. ಎಲೆಕ್ಟ್ರಿಕ್‌ನಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದು ಸರಿಯಾದ ಸ್ವರಕ್ಕೆ ತಂದು ನಿಲ್ಲಿಸಬೇಕು, ಬೇಡದ ತಂತಿಗಳನ್ನು ಅಂಗೈಯಿಂದ ಸುಮ್ಮನಾಗಿಸಬೇಕು. ಆಂಪ್ಲಿಫೈಯರ್ ನಮ್ಮ ತಪ್ಪನ್ನೂ ದೊಡ್ಡದು ಮಾಡಿಯೇ ಕೇಳಿಸುತ್ತೆ!

ನಾವಿರೋ ಶಿಕಾಗೋಗೆ 1943ರಲ್ಲಿ ಮಿಸಿಸಿಪ್ಪಿಯಿಂದ ಮಡ್ಡಿ ವಾಟರ್ಸ್ ಬಂದರು. ಇಲ್ಲಿನ ಗದ್ದಲದ ಕ್ಲಬ್ಬುಗಳಲ್ಲಿ ಮರದ ಗಿಟಾರಿನ ದನಿ ಕೇಳಿಸುತ್ತಿರಲಿಲ್ಲ, ಅದಕ್ಕೇ ಎಲೆಕ್ಟ್ರಿಕ್ ಹಿಡಿದರು. ಊರಿಂದ ತಂದ ಬ್ಲೂಸ್ ಬಿಡಲಿಲ್ಲ. ಡೆಟ್ರಾಯ್ಟ್ ನೆಂಟರ ಮನೆಗೆ ಐ-94ರಲ್ಲಿ ಹೋಗುವಾಗ ನಡುದಾರಿಯಲ್ಲಿ ಸಿಗುವ ಕ್ಯಾಲಮಜೂನಲ್ಲಿ 1902ರಲ್ಲಿ ಗಿಬ್ಸನ್ ಕಂಪನಿ ಶುರುವಾಯಿತು. ಮೊದಲು ಮ್ಯಾಂಡೊಲಿನ್‌ಗೆ ಹೆಸರಾಗಿದ್ದ ಅದೇ ಕಂಪನಿ 1952ರಲ್ಲಿ ಲೆಸ್ ಪಾಲ್ ಎಲೆಕ್ಟ್ರಿಕ್ ಗಿಟಾರ್ ತಂದಿತು.

ನಮ್ಮವರನ್ನೇ ನೋಡಿ. ಕದ್ರಿ ಗೋಪಾಲನಾಥ್ ತಂದೆಯಿಂದ ನಾಗಸ್ವರ ಕಲಿತವರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ವರ್ಷಗಟ್ಟಲೆ ದುಡಿದು ಅದರಲ್ಲೇ ಕರ್ನಾಟಕ ಸಂಗೀತ ನುಡಿಸಿದರು. ಶಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದಲ್ಲಿ ಓದಿದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರ 2008ರ ‘ಕಿನ್ಸ್‌ಮೆನ್’ ಆಲ್ಬಮ್‌ನಲ್ಲಿ ಇಬ್ಬರೂ ಜೊತೆಗೆ ನುಡಿಸಿದ್ದಾರೆ. ಕದ್ರಿಯವರು ಸ್ಯಾಕ್ಸೊಫೋನನ್ನು ಆಟ ಅಂದುಕೊಂಡಿದ್ದರೆ ಇದು ಆಗುತ್ತಿತ್ತಾ?

“ಮೊದಲು ಒಂದನ್ನು ಸರಿಯಾಗಿ ಕಲೀಲಿ” ಅಂತ ನೀವು ಹೇಳಬಹುದು. ಹೊಸದಾಗಿ ಕಲಿಯೋ ಮಗುವಿಗೆ ಆ ಮಾತು ಸರಿ. ಮೊದಲ ವರ್ಷ ಒಂದೇ ಸಾಕು. ಆಮೇಲೆ ನನ್ನ ಸಲಹೆ ಇಷ್ಟು. ದಿನದ ಲೆಕ್ಕ ಬಿಡಿ, ವಾರದ ಲೆಕ್ಕ ಹಾಕಿ. ದಿನಾ 15 ನಿಮಿಷ ಕ್ಲಾಸಿಕಲ್ ಬೆರಳಿನ ಸಾಧನೆ, ಅದೂ ಮೊದಲು. ಉಕ್ಕಿನ ತಂತಿ ನುಡಿಸಿ ಬೆರಳ ತುದಿ ನೊಂದ ಮೇಲೆ ನವಿರಾದ ಕೆಲಸ ಕಷ್ಟ. ಉಳಿದ 45 ನಿಮಿಷ ಒಂದು ದಿನ ಇದಕ್ಕೆ, ಮರುದಿನ ಅದಕ್ಕೆ. ಕಛೇರಿ ಹತ್ತಿರ ಬಂದರೆ ಕ್ಲಾಸಿಕಲ್‌ಗೆ ಹೆಚ್ಚು, ಸ್ಕೂಲಿನ ಜಾಝ್ ಬ್ಯಾಂಡ್ ಇದ್ದರೆ ಎಲೆಕ್ಟ್ರಿಕ್‌ಗೆ ಹೆಚ್ಚು. ಮಕ್ಕಳೇ, ಗಡಿಯಾರ ನೋಡಬೇಡಿ. “ಇವತ್ತು ಈ ನಾಲ್ಕು ಸಾಲು, ನಿಧಾನವಾಗಿ, ತಪ್ಪಿಲ್ಲದೆ” ಅಂತ ಗುರಿ ಇಟ್ಟುಕೊಳ್ಳಿ. ಅಪ್ಪ-ಅಮ್ಮಂದಿರೇ, ಪಟ್ಟಿ ಮಕ್ಕಳೇ ಬರೀಲಿ.

ಕನ್ನಡಕ್ಕೂ ನಾವು ಹೀಗೇ ಮಾಡ್ತೀವೇನೋ. ಸ್ಕೂಲಿನದು ‘ಓದು’, ಕನ್ನಡ ಮಾತ್ರ ‘ವೀಕೆಂಡ್ ಕ್ಲಾಸ್’. ಹೆಸರಿನಲ್ಲೇ ಒಂದನ್ನು ಕೆಳಗೆ ಕೂರಿಸಿಬಿಟ್ಟರೆ ಮಕ್ಕಳಿಗೆ ಅದು ಚೆನ್ನಾಗಿ ಅರ್ಥ ಆಗುತ್ತೆ.

ಈಗ ನಮ್ಮನೆ ಫ್ರಿಜ್ ಮೇಲೆ ಮಗಳೇ ಕನ್ನಡದಲ್ಲಿ ಬರೆದ ಪಟ್ಟಿ ಇದೆ. ಎರಡೂ ಗಿಟಾರಿನ ಮುಂದೆ ಒಂದೇ ಪದ: ‘ಅಬ್ಯಾಸ’. ಮಹಾಪ್ರಾಣ ತಪ್ಪಿದೆ. ನಾನು ತಿದ್ದಿಲ್ಲ; ಅದನ್ನು ಅವಳ ಕನ್ನಡ ಟೀಚರ್‌ಗೆ ಬಿಟ್ಟಿದ್ದೀನಿ.