ಕೋಟೆಯೊಳಗಣ ಒಲೆ

ಮಧ್ಯಕಾಲೀನ ಕೋಟೆಗಳನ್ನು ಕುರಿತು ಕನ್ನಡದಲ್ಲಿ ಬರೆದುದು ಕಡಿಮೆಯೇನಲ್ಲ. ಆದರೆ ಆ ಬರಹಗಳ ಬಹುಭಾಗ ಮುತ್ತಿಗೆ, ಬುರುಜು, ಹೆಬ್ಬಾಗಿಲು, ವಂಶಾವಳಿಗಳಲ್ಲೇ ಮುಗಿದುಹೋಗುತ್ತದೆ. ಮುತ್ತಿಗೆ ಎಂದೋ ತಲೆಮಾರಿಗೊಮ್ಮೆ ಬರುವಂಥದು. ಒಲೆ ಹೊತ್ತುವುದು ದಿನದಿನದ ಸಂಗತಿ. ಕೋಟೆಯೊಳಗೆ ಬಾಳಿದ ದಂಡನಾಯಕರು, ಮಂತ್ರಿಗಳು, ಅವರ ಮನೆಯ ಹೆಂಗಸರು, ಸೇವಕರು ಏನು ಉಂಡರು, ಎಲ್ಲಿ ಮಿಂದರು, ಹೇಗೆ ಮಲಗಿದರು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದೇ ಅಪರೂಪ.

ಹಂಪೆಯನ್ನೇ ನೋಡೋಣ. ಅಲ್ಲಿ ‘ಗಣ್ಯರ ವಸತಿ’ ಎಂದು ಕರೆಯಲಾಗುವ ಭಾಗದಲ್ಲಿ ಉತ್ಖನನದಿಂದ ಹಲವು ನಿವಾಸಗಳ ತಳಹದಿಗಳು ಬೆಳಕಿಗೆ ಬಂದಿವೆ. ಅಂಗಳ, ಅದರ ಸುತ್ತ ಕೋಣೆಗಳು, ಒಳಹೋದಂತೆ ಹಂತಹಂತವಾಗಿ ಏರುವ ನೆಲ, ಮರದ ಕಂಬಗಳನ್ನು ನಿಲ್ಲಿಸಿದ್ದ ಕಲ್ಲುಗಳು, ಗಾರೆಯ ಲೇಪ, ನೀರು ಹರಿದುಹೋಗುವ ಕಾಲುವೆ ಇವೆಲ್ಲ ಅಲ್ಲಿವೆ. ಮೇಲಿನ ಮರಗೆಲಸ ಸುಟ್ಟೋ ಕೊಳೆತೋ ಹೋಯಿತು. ಚೀನಾದ ಪಿಂಗಾಣಿಯ ಒಡಕುಗಳೂ ಅಲ್ಲಿ ದೊರೆತಿವೆ. ಕಡಲಾಚೆಯಿಂದ ಬಂದ ಬಟ್ಟಲು ಕೋಟೆಯೊಳಗಿನ ಮನೆಯ ಪಂಕ್ತಿಗೆ ಸೇರಿತ್ತೆಂಬುದನ್ನು ಆ ಒಡಕು ಹೇಳುವಷ್ಟು ನೇರವಾಗಿ ಯಾವ ಶಾಸನವೂ ಹೇಳಲಾರದು. ಶಾಸನ ಬರೆಯಿಸಿದವರಿಗೆ ತಮ್ಮ ದಾನ ಚಿರಸ್ಥಾಯಿಯಾಗಬೇಕಿತ್ತು, ಊಟವಲ್ಲ.

ಆದರೂ ಸಂದರ್ಶಕರು ಈ ತಳಹದಿಗಳನ್ನು ದಾಟಿ ‘ಕಮಲ ಮಹಲ್’, ‘ರಾಣಿಯ ಸ್ನಾನಗೃಹ’ಗಳತ್ತ ನಡೆಯುತ್ತಾರೆ. ಇವು ಕಟ್ಟಿದವರು ಇಟ್ಟ ಹೆಸರುಗಳಲ್ಲ, ಈಚಿನವು. ಹೆಸರಿನ ಈ ಜಾರುವಿಕೆಗೆ ನಮ್ಮ ಬಸದಿಯೊಂದೇ ಉತ್ತಮ ನಿದರ್ಶನ. ಹರಿಹರನ ದಂಡನಾಯಕ ಇರುಗಪ್ಪನು ಶಕ 1307ರಲ್ಲಿ ಕಟ್ಟಿಸಿದ ಕುಂಥುನಾಥ ಚೈತ್ಯಾಲಯವನ್ನು ಜನ ಇಂದು ‘ಗಾಣಗಿತ್ತಿ ಬಸದಿ’ ಎನ್ನುತ್ತಾರೆ. ಎದುರಿನ ಸ್ತಂಭದ ಮೇಲೆ ಶಾಸನ ಉಳಿದುದರಿಂದ ಇರುಗಪ್ಪ ಉಳಿದ. ಸ್ತಂಭವಿಲ್ಲದ ಕಟ್ಟಡಗಳಿಗೆ ಕಲ್ಪನೆಯೇ ಶಾಸನವಾಗಿದೆ. ‘ರಾಣಿ’ ಎಂಬೊಂದು ಶಬ್ದ ಸೇರಿದೊಡನೆ ವಿಚಾರಣೆ ನಿಂತುಹೋಗುತ್ತದೆ.

ಅಗೆತಕ್ಕೆ ಜೊತೆಯಾಗಬಲ್ಲ ಗ್ರಂಥಸಂಪತ್ತು ನಮ್ಮಲ್ಲಿದೆ. 1025ರಲ್ಲಿ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಕವಿ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ಜಲಶೋಧನೆಯಿಂದ ಪಾಕದವರೆಗೆ ಗೃಹಸ್ಥನಿಗೆ ಬೇಕಾದ ವಿದ್ಯೆಗಳಿವೆ. 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನಂತೂ ಸ್ವತಃ ಪ್ರಭುಕುಲದವನು, ಕಲ್ಲಹಳ್ಳಿಯವನು. ‘ನೇಮಿಜಿನೇಶ ಸಂಗತಿ’ಯನ್ನು ಬರೆದ ಅದೇ ಕೈ ‘ಸೂಪಶಾಸ್ತ್ರ’ವನ್ನೂ ಬರೆಯಿತು. ಆಳುವ ಮನೆತನದವನೊಬ್ಬ ಅಡುಗೆಯನ್ನು ಪದ್ಯಕ್ಕೆ ತಕ್ಕ ವಸ್ತುವೆಂದು ಬಗೆದದ್ದು ಸಣ್ಣ ಸಂಗತಿಯಲ್ಲ. ಆದರೆ ಸಾಹಿತ್ಯದ ವಿದ್ವಾಂಸರು ಇದನ್ನು ಛಂದಸ್ಸಿಗಾಗಿ, ಶಬ್ದಕ್ಕಾಗಿ ಓದುತ್ತಾರೆ. ಉತ್ಖನನಕಾರರು ಓದುವುದು ವಿರಳ. ಗ್ರಂಥ ಹೇಳುವುದು ಹೀಗಿರಬೇಕೆಂಬ ಆದರ್ಶವನ್ನು. ಬೂದಿ ಹೇಳುವುದು ಹೀಗಿತ್ತೆಂಬ ವಾಸ್ತವವನ್ನು. ಎರಡನ್ನೂ ಎದುರುಬದುರು ಕೂರಿಸದೆ ಗಣ್ಯರ ನಿತ್ಯಜೀವನ ತಿಳಿಯಲಾರದು.

ಇಲ್ಲಿ ಜೈನರಾದ ನಮಗೆ ಒಂದು ಅಗ್ನಿಪರೀಕ್ಷೆಯೂ ಇದೆ. ‘ಲೋಕೋಪಕಾರ’, ‘ಸೂಪಶಾಸ್ತ್ರ’ಗಳ ಪಾಕ ಸಸ್ಯಾಹಾರದ್ದು. ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಾದರೋ ಮಾಂಸದ ಅಡುಗೆಗಳು ಹೇರಳವಾಗಿವೆ. ವಿಜಯನಗರದ ಅರಸರು ಗೋಮಾಂಸವೊಂದನ್ನುಳಿದು ಬಗೆಬಗೆಯ ಮಾಂಸ ತಿನ್ನುತ್ತಿದ್ದರೆಂದು ಪೋರ್ತುಗೀಸ್ ಪ್ರವಾಸಿ ನೂನಿಜ್ ಬರೆದಿದ್ದಾನೆ. ಇಂಥ ಆಸ್ಥಾನದಲ್ಲಿ ಸೇನೆ ನಡೆಸಿದ ಜೈನ ದಂಡನಾಯಕನ ಮನೆಯ ತಿಪ್ಪೆ ಏನು ನುಡಿದೀತು? ಅಲ್ಲಿ ಎಲುಬು ಸಿಗದಿದ್ದರೆ, ಅಣುವ್ರತವು ರಾಜಸೇವೆಯ ನಡುವೆಯೂ ಉಳಿದಿತ್ತೆಂಬುದಕ್ಕೆ ಬಸದಿಯ ಶಾಸನಕ್ಕಿಂತ ಗಟ್ಟಿಯಾದ ಸಾಕ್ಷ್ಯ ನಮ್ಮದಾಗುತ್ತದೆ. ಸಿಕ್ಕರೆ, ಅದು ಆ ಮನೆಯ ಸೇವಕರದೋ ಅತಿಥಿಗಳದೋ ಯಜಮಾನನದೋ ಎಂದು ನಿಧಾನವಾಗಿ ವಿಚಾರಿಸಬೇಕಾಗುತ್ತದೆ. ಉತ್ತರ ಯಾವುದಾದರೂ ಅದಕ್ಕೆ ಅಂಜಬಾರದು. ಸತ್ಯವೂ ಅಣುವ್ರತಗಳಲ್ಲಿ ಒಂದೇ. ಅಹಿಂಸೆಯ ಹಿರಿಮೆಯನ್ನು ಕಾಯಲು ಅದನ್ನು ಬಿಟ್ಟುಕೊಡಬೇಕಾಗಿಲ್ಲ.

ಆದರೆ ಈ ಪ್ರಶ್ನೆಗಳನ್ನು ಕೇಳುವ ಅವಕಾಶವೇ ಕೈತಪ್ಪುತ್ತಿದೆ. ನಿಧಿಯ ಆಸೆಗೆ ನೆಲ ಬಗೆಯುವವರು ಪದರಗಳನ್ನು ಕಲಸಿಬಿಡುತ್ತಾರೆ. ಸುಂದರೀಕರಣದ ಉತ್ಸಾಹವೂ ಅಷ್ಟೇ ಹಾನಿ ಮಾಡಬಲ್ಲದು. ಹುಲ್ಲುಹಾಸಿಗೆಂದು ನೆಲ ಸಮಗೊಳಿಸುವಾಗ ಹೋಗುವ ಮೊದಲ ಪದರವೇ ಕೊನೆಗೆ ಬಾಳಿದವರದು. ಒಲೆಯ ಸುತ್ತಣ ಮಣ್ಣನ್ನು ನೀರಿನಲ್ಲಿ ಕದಡಿದರೆ ಕರಿಕಾಗಿ ಉಳಿದ ಕಾಳು, ಬೀಜಗಳು ಮೇಲೆ ತೇಲುತ್ತವೆ. ಇದಕ್ಕೆ ಬೇಕಾದುದು ನೀರು, ನುಣ್ಣನೆಯ ಜರಡಿ, ತಾಳ್ಮೆ. ಆ ಮಣ್ಣನ್ನೇ ಬುಟ್ಟಿಗಟ್ಟಲೆ ಹೊರಗೆ ಚೆಲ್ಲಿದ ಮೇಲೆ ಎಷ್ಟು ಹಣ ಸುರಿದರೂ ಅದು ಮರಳದು.

ಆದುದರಿಂದ ಯಾವುದೇ ಕೋಟೆಯಲ್ಲಿ ಜೀರ್ಣೋದ್ಧಾರ ತೊಡಗುವ ಮುನ್ನ ವಸತಿಯ ನೆಲೆಗಳ ಕ್ರಮಬದ್ಧ ಪರಿಶೋಧನೆ ಕಡ್ಡಾಯವಾಗಬೇಕು. ಮಡಕೆಯ ಚೂರು, ಎಲುಬು, ಬೂದಿಗಳನ್ನು ವಿಗ್ರಹಗಳಷ್ಟೇ ಜತನದಿಂದ ಕಾದಿಡಬೇಕು. ಹಳಗನ್ನಡ ಬಲ್ಲವರೊಬ್ಬರು ಉತ್ಖನನ ತಂಡದಲ್ಲಿರಬೇಕು. ಬಸದಿಗಳ ಜೀರ್ಣೋದ್ಧಾರಕ್ಕೆ ಉದಾರವಾಗಿ ನೀಡುವ ನಮ್ಮ ಶ್ರಾವಕರು, ಆ ಬಸದಿಗಳನ್ನು ಕಟ್ಟಿಸಿದವರ ಮನೆಗಳ ಅಧ್ಯಯನಕ್ಕೂ ಒಂದು ಪಾಲು ಎತ್ತಿಡಲಿ. ಇರುಗಪ್ಪನ ಚೈತ್ಯಾಲಯ ಇಂದಿಗೂ ನಿಂತಿದೆ. ಅವನು ಬಾಳಿದ ಮನೆ ಎಲ್ಲಿತ್ತೆಂದು ಹುಡುಕುವ ಕೆಲಸ ಇನ್ನು ಮೊದಲಾಗಲಿ.